ನೀರು ಕೂಡ ಇಲ್ವಾ?

2025ರ ರಂಜಾನಿನ ಒಂದು ಸಂಜೆ. ಖರ್ಜೂರದ ತಟ್ಟೆ ಮುಂದಿಟ್ಟುಕೊಂಡು ಮೂವರೂ ಕೂತಿದ್ದೆವು. ಸೂರ್ಯ ಮುಳುಗಲು ಇನ್ನೂ ಹತ್ತು ನಿಮಿಷ ಇತ್ತು. ಮಗಳು ಫೋನ್ ಕೆಳಗಿಟ್ಟು ಹೇಳಿದಳು:

“ಅಪ್ಪಾ, ಹದಿನಾಲ್ಕು ತುಂಬಿದ ಮ್ಯಾಲೆ ನಾ ಮುಸ್ಲಿಂ ಆಗಿ ಇರಬೇಕೋ ಬ್ಯಾಡೋ ಅನ್ನೋದು ನನ್ನ ಕೈಯಾಗ ಐತಂತ. ಕಾನೂನ ಐತಿ.”

ಜಗಳಕ್ಕೆ ಹೇಳಿದ ಮಾತಲ್ಲ ಅದು. ಅವತ್ತು ಶಾಲೆಯಲ್ಲಿ ಕಲಿತದ್ದನ್ನು ಮನೆಗೆ ತಂದಿದ್ದಳು. ಇನ್ನು ಮೂರು ವಾರಕ್ಕೆ ಅವಳಿಗೆ ಹದಿನಾಲ್ಕು. ನನಗೆ ಮಾತ್ರ ಮುಳ್ಳು ಚುಚ್ಚಿದ ಹಾಗಾಯಿತು. ಏನೂ ಹೇಳಲಿಲ್ಲ. ಸುಮ್ನೆ ಖರ್ಜೂರದ ಬೀಜ ಬಿಡಿಸುತ್ತಾ ಕೂತೆ.

ರಾತ್ರಿ ಹುಡುಕಿ ಓದಿದೆ. ಅವಳು ಹೇಳಿದ್ದು ನಿಜ. ಮಕ್ಕಳನ್ನು ಯಾವ ಧರ್ಮದಲ್ಲಿ ಬೆಳೆಸಬೇಕು ಎನ್ನುವ ಬಗ್ಗೆ ಜರ್ಮನಿಯಲ್ಲಿ ಒಂದು ಕಾನೂನಿದೆ. 1921ರ ಜುಲೈ 15ರದ್ದು. ಮಗುವಿಗೆ ಹನ್ನೆರಡು ತುಂಬಿದ ಮೇಲೆ, ಅದಕ್ಕೆ ಇಷ್ಟವಿಲ್ಲದಿದ್ದರೆ, ಇದ್ದ ಧರ್ಮ ಬಿಡಿಸಿ ಬೇರೆ ಧರ್ಮದಲ್ಲಿ ಬೆಳೆಸುವ ಹಾಗಿಲ್ಲ. ಹದಿನಾಲ್ಕು ತುಂಬಿತೆಂದರೆ ಯಾವ ಧರ್ಮ, ಅಥವಾ ಧರ್ಮವೇ ಬೇಡವಾ ಎನ್ನುವುದು ಪೂರ್ತಿ ಮಗುವಿನ ತೀರ್ಮಾನ. ಅಪ್ಪ ಅಮ್ಮನ ಸಹಿ ಬೇಕಿಲ್ಲ. ದೇಶದ ಸಂಸತ್ತಿಗೆ ಓಟು ಹಾಕಲು ಹದಿನೆಂಟು ಆಗಬೇಕು. ದೇವರ ವಿಷಯಕ್ಕೆ ಹದಿನಾಲ್ಕು ಸಾಕು.

ನಾವು ಲಕ್ಷ್ಮೇಶ್ವರದ ಹತ್ತಿರದ ಒಂದು ಹಳ್ಳಿಯವರು. ಆಗ ಧಾರವಾಡ ಜಿಲ್ಲೆ, ಈಗ ಗದಗ. ನಾವು ನದಾಫರು. ಅಪ್ಪ ಅರಳೆ ಹಿಂಜಿ ಗಾದಿ ಮಾಡುತ್ತಿದ್ದರು. ಮನೆಮಾತು ಕನ್ನಡವೇ. 2014ರ ಕೊನೆಗೆ ಬರ್ಲಿನ್‌ಗೆ ಬಂದಾಗ ಮಗಳಿಗೆ ಮೂರು ವರ್ಷ. ಅಜ್ಜಿಯ ಜೊತೆ ಫೋನಿನಲ್ಲಿ ಮಾತಾಡಿ ಮಾತಾಡಿ ನಮ್ಮೂರ ಕನ್ನಡವನ್ನು ಉಳಿಸಿಕೊಂಡಿದ್ದಾಳೆ. ಆ ಕನ್ನಡದಲ್ಲೇ ಅವಳು ಈ ಮಾತು ಹೇಳಿದಳಲ್ಲ, ಅದಕ್ಕೇ ಜಾಸ್ತಿ ನಾಟಿತೋ ಏನೋ. ಜರ್ಮನ್‌ನಲ್ಲಿ ಹೇಳಿದ್ದರೆ ಶಾಲೆಯ ಪಾಠ ಎಂದುಕೊಂಡು ಬಿಡುತ್ತಿದ್ದೆ.

ನಮ್ಮ ಮನೆ ಇರುವುದು ಲಿಷ್ಟನ್‌ಬೆರ್ಗ್‌ನಲ್ಲಿ, ಊರಿನ ಪೂರ್ವ ಭಾಗ. ಗೋಡೆ ಬೀಳುವ ತನಕ ಇದು ಕಮ್ಯುನಿಸ್ಟ್ ಜರ್ಮನಿ. ಇಲ್ಲಿನ ಹೆಚ್ಚಿನ ಜನ ಯಾವ ಧರ್ಮಕ್ಕೂ ಸೇರಿದವರಲ್ಲ. ಚರ್ಚ್ ಬಿಟ್ಟವರು ಕೂಡ ಅಲ್ಲ, ಅವರ ಅಪ್ಪ ಅಮ್ಮನ ಕಾಲಕ್ಕೇ ಚರ್ಚ್ ಇರಲಿಲ್ಲ. ಹನ್ನೊಂದು ವರ್ಷದಲ್ಲಿ ನೆರೆಯವರು ಒಬ್ಬರೂ ನನ್ನ ಧರ್ಮ ಕೇಳಿಲ್ಲ. ಕೇಳುವುದು ಮರ್ಯಾದೆ ಅಲ್ಲ ಇಲ್ಲಿ. ಧರ್ಮ ಕೇಳಿದ್ದು ಒಂದೇ ಕಡೆ, ವಿಳಾಸ ನೋಂದಾಯಿಸುವ ಕಚೇರಿಯಲ್ಲಿ. ಅದೂ ತೆರಿಗೆಗಾಗಿ. ಚರ್ಚಿನ ಸದಸ್ಯರಾದರೆ ಆದಾಯ ತೆರಿಗೆಯ ಮೇಲೆ ಚರ್ಚ್ ತೆರಿಗೆ ಬೀಳುತ್ತದೆ, ಬರ್ಲಿನ್‌ನಲ್ಲಿ ನೂರಕ್ಕೆ 9. ನನ್ನ ಸಂಬಳದ ಚೀಟಿಯಲ್ಲಿ ಆ ಜಾಗದಲ್ಲಿ ಎರಡು ಸಣ್ಣ ಗೆರೆ ಇರುತ್ತವೆ. ದೇವರೇ ಇಲ್ಲ ಎನ್ನುವವನ ಚೀಟಿಯಲ್ಲೂ ಅದೇ ಎರಡು ಗೆರೆ. ಐದು ಹೊತ್ತು ನಮಾಜು ಮಾಡುವವನದ್ದರಲ್ಲೂ ಅದೇ. ಮೊದಮೊದಲು ಅದನ್ನು ನೋಡಿ ನನಗೆ ಎಷ್ಟು ಹಗುರವಾಗಿತ್ತು ಅಂದರೆ, ಆ ಚೀಟಿಯ ಫೋಟೋ ತೆಗೆದು ತಮ್ಮನಿಗೆ ಕಳಿಸಿದ್ದೆ.

ಆದರೆ ದೊಡ್ಡವರ ಲೋಕ ಬೇರೆ, ಮಕ್ಕಳ ಲೋಕ ಬೇರೆ. ಆಫೀಸಿನಲ್ಲಿ ನಾನು ಮಧ್ಯಾಹ್ನ ಊಟಕ್ಕೆ ಹೋಗದಿದ್ದರೆ ಯಾರೂ ಮಾತಾಡುವುದಿಲ್ಲ. ಮಗಳು ಊಟದ ಹೊತ್ತಿಗೆ ಖಾಲಿ ಕೈಯಲ್ಲಿ ಕೂತರೆ ಹತ್ತು ಜನ ಕೇಳುತ್ತಾರೆ. ಮೊದಲ ಪ್ರಶ್ನೆ ಯಾವಾಗಲೂ ಒಂದೇ. “ನಿಷ್ಟ್ ಮಾಲ್ ವಾಸರ್?” ನೀರು ಕೂಡ ಇಲ್ವಾ?

ಜರ್ಮನಿಯಲ್ಲಿ ರೋಜಾ ಹಿಡಿಯುವ ಯಾವ ಮಗುವನ್ನು ಕೇಳಿದರೂ ಈ ಪ್ರಶ್ನೆ ಗೊತ್ತು. ಇದಾದ ಮೇಲೆ ಉಳಿದವು ಬರುತ್ತವೆ. ಎಷ್ಟು ದಿನ? ಯಾಕೆ? ನಿಮ್ಮಪ್ಪ ಹೇಳಿದ್ದಕ್ಕಾ? ತಲೆ ತಿರುಗಲ್ವಾ? ಯಾರೂ ನೋಡದಿದ್ದಾಗ ಕುಡಿಯಬಹುದಲ್ಲಾ? ಅವಳ ಕ್ಲಾಸಿನಲ್ಲಿ ರೋಜಾ ಇರುವವರು ಇವಳೂ ಸೇರಿ ಮೂವರು. ಒಬ್ಬ ಹುಡುಗನ ಅಜ್ಜ ಟರ್ಕಿಯಿಂದ ಬಂದವರು. ಇನ್ನೊಬ್ಬ ಹುಡುಗಿ ಸಿರಿಯಾದವಳು. ಪ್ರಶ್ನೆ ಕೇಳುವವರು ಕೆಟ್ಟ ಮಕ್ಕಳಲ್ಲ. ಪ್ರೀತಿಯಿಂದಲೇ ಕೇಳುತ್ತಾರೆ. ಆದರೂ ಮೂವತ್ತು ದಿನ, ದಿನಕ್ಕೆ ನಾಲ್ಕು ಸಲ, ನೀನು ಯಾಕೆ ಹೀಗೆ ಅಂತ ವಿವರಿಸುತ್ತಾ ಇರುವುದು ಒಂದು ಮಗುವಿಗೆ ಎಷ್ಟು ದಣಿವು, ಯೋಚಿಸಿ. ಹಸಿವಿಗಿಂತ ಅದೇ ಜಾಸ್ತಿ ಸುಸ್ತು ಅಂತ ಅವಳೇ ಅಂದಿದ್ದಾಳೆ.

ಬರ್ಲಿನ್‌ನಲ್ಲಿ 2006ರಿಂದ ಏಳನೇ ತರಗತಿಯಿಂದ ಹತ್ತರವರೆಗೆ ಎಲ್ಲರಿಗೂ ಎಥಿಕ್ ಎಂಬ ಪಾಠ ಇದೆ. ಧರ್ಮದ ಪಾಠ ಬೇಕಾದವರಿಗೆ ಮಾತ್ರ, ಎಥಿಕ್ ಎಲ್ಲರಿಗೂ. ಯಾವುದು ಸರಿ, ಯಾವುದು ತಪ್ಪು, ನೀನು ನಂಬುವುದನ್ನು ಯಾಕೆ ನಂಬುತ್ತೀಯ ಎಂದು ಮಕ್ಕಳು ಮಾತಾಡುವ ಪಾಠ. ಅಲ್ಲೇ ಅವಳಿಗೆ 1921ರ ಕಾನೂನು ಗೊತ್ತಾಗಿದ್ದು. ಅಲ್ಲೇ, ಅದಕ್ಕೂ ಹಿಂದಿನ ವರ್ಷ, ರಂಜಾನ್ ಬಗ್ಗೆ ಹತ್ತು ನಿಮಿಷ ಮಾತಾಡು ಅಂತ ಟೀಚರ್ ಹೇಳಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಮ್ಮ ಹುಡುಗಿ ಎರಡು ರಾತ್ರಿ ಕೂತು ತಯಾರಿ ಮಾಡಿದಳು. ಉಪವಾಸ ದೇಹಕ್ಕೆ ಒಳ್ಳೆಯದು, ಬಡವರ ಹಸಿವು ಗೊತ್ತಾಗುತ್ತದೆ, ಮನಸ್ಸಿಗೆ ಹಿಡಿತ ಬರುತ್ತದೆ ಎಂದು ಒಂದೊಂದೇ ಬರೆದುಕೊಂಡಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಸಂಕಟವಾಯಿತು. ನಾನು ಅವಳ ವಯಸ್ಸಿನಲ್ಲಿ ರೋಜಾಕ್ಕೆ ಕಾರಣ ಹುಡುಕಿದವನಲ್ಲ. ರಂಜಾನ್ ಬಂತು, ರೋಜಾ ಹಿಡಿದೆ. ಮಳೆಗಾಲ ಬಂದರೆ ಕೊಡೆ ಹಿಡಿದ ಹಾಗೆ.

ನನಗೆ ಹದಿನಾಲ್ಕು ಆಗಿದ್ದು 1992ರಲ್ಲಿ. ಆ ವರ್ಷವೂ ರಂಜಾನ್ ಮಾರ್ಚ್‌ನಲ್ಲೇ ಬಂದಿತ್ತು. ಚಾಂದ್ರಮಾನದ ವರ್ಷ ಹನ್ನೊಂದು ದಿನ ಕಡಿಮೆ. ಹಾಗಾಗಿ ರಂಜಾನ್ ಪ್ರತಿ ವರ್ಷ ಹಿಂದೆ ಹಿಂದೆ ಸರಿಯುತ್ತಾ 33 ವರ್ಷಕ್ಕೆ ಮತ್ತೆ ಅದೇ ಜಾಗಕ್ಕೆ ಬರುತ್ತದೆ. ಇದು ಹೊಳೆದ ದಿನ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ. ನನ್ನ ಹದಿನಾಲ್ಕರ ರಂಜಾನ್ ಒಂದು ಸುತ್ತು ಹಾಕಿ ನನ್ನ ಮಗಳ ಹದಿನಾಲ್ಕಕ್ಕೆ ಬಂದು ನಿಂತಿದೆ. ಇಲ್ಲಿ ಜೂನ್‌ನಲ್ಲಿ ರಂಜಾನ್ ಬಂದಾಗ ರಾತ್ರಿ ಒಂಬತ್ತೂವರೆಗೆ ಸೂರ್ಯ ಮುಳುಗುವುದನ್ನು ಕಾದು ರೋಜಾ ಬಿಟ್ಟಿದ್ದೇವೆ. ಮಾರ್ಚ್ 20ರ ಸುಮಾರಿಗೆ ಹಾಗಲ್ಲ. ಬರ್ಲಿನ್‌ನಲ್ಲೂ ಲಕ್ಷ್ಮೇಶ್ವರದಲ್ಲೂ ಹಗಲು ಹೆಚ್ಚುಕಮ್ಮಿ ಹನ್ನೆರಡು ಗಂಟೆ. ಅಂದರೆ ಸುಮಾರು ನಾನು ಹಿಡಿದಷ್ಟೇ ಉದ್ದದ ರೋಜಾ ಅವಳದ್ದೂ.

ಆದರೆ ಅದೇ ರೋಜಾನಾ?

ಎದುರು ಮನೆಯಲ್ಲಿ ಒಬ್ಬರು ಆಯಿ ಇದ್ದರು. ಲಿಂಗಾಯತರು. ಮಧ್ಯಾಹ್ನ ಮೂರಕ್ಕೆ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುವುದು ಅವರ ರೂಢಿ. ರಂಜಾನಿನಲ್ಲಿ ನಾನು ಶಾಲೆಯಿಂದ ಬರುವುದು ಕಂಡರೆ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದರು. ಒಂದು ಸಲ ಅವರ ಸೊಸೆ ಕೇಳಿದ್ದಕ್ಕೆ, “ಕೂಸು ರೋಜಾ ಐತಿ, ಅದರ ಮುಂದ ಹೆಂಗ ಕುಡೀಲಿ?” ಅಂದಿದ್ದು ನನ್ನ ಕಿವಿಗೆ ಬಿದ್ದಿತ್ತು. ನಮ್ಮ ಅವ್ವ ಶ್ರಾವಣ ಸೋಮವಾರ ಒಲೆಯ ಮೇಲೆ ಮಾಂಸ ಇಡುತ್ತಿರಲಿಲ್ಲ. ಯಾರೂ ಹೇಳಿದ್ದಲ್ಲ. ಹಂಗ ಇತ್ತು, ಅಷ್ಟ.

ಶಾಲೆಯಲ್ಲಿ ಪಿಟಿ ಮಾಸ್ತರು ಮೈದಾನಕ್ಕೆ ಬಿಟ್ಟ ಕೂಡಲೇ, “ರೋಜಾ ಇದ್ದವರು ಗಿಡದ ಕೆಳಗ ಕೂಡ್ರಿ” ಅನ್ನುತ್ತಿದ್ದರು. ಶುಕ್ರವಾರ ಒಂದು ಗಂಟೆಗೆ ಹೆಡ್‌ಮಾಸ್ತರು ಬಾಗಿಲಿಗೆ ಬಂದು “ನಮಾಜಿನವರು ನಡೀರಿ” ಅಂದರೆ ಎದ್ದು ಹೋಗುತ್ತಿದ್ದೆವು. ಅರ್ಜಿ ಇಲ್ಲ, ಚೀಟಿ ಇಲ್ಲ. ಶಾರದಾ ಪೂಜೆಯ ದಿನ ಚುರುಮುರಿ ಹಂಚುವ ಕೆಲಸ ನನ್ನದೇ. ಮೊಹರಂ ಬಂದರೆ ಡೋಲಿ ಹೊರುವವರು ಗೌಡರ ಮನೆಯವರು. ಪಂಜಾ ಹಿಡಿಯುತ್ತಿದ್ದದ್ದು ಕುರುಬರ ಓಣಿಯ ಒಬ್ಬ ಕಾಕಾ. ಅಲಾಯಿ ಕುಣಿಗೆ ಕಟ್ಟಿಗೆ ಊರೆಲ್ಲರದು. ಹೆಜ್ಜೆ ಹಾಕುವ ಹುಡುಗರಲ್ಲಿ ನಮ್ಮವರು ಇಬ್ಬರೋ ಮೂವರೋ. ಚೊಂಗೆ ಎಲ್ಲರ ಮನೆಯಲ್ಲೂ. ಶರೀಫಜ್ಜನ ಶಿಶುವಿನಹಾಳ ನಮಗೆ ದೂರವೇನಲ್ಲ, ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೋಗುವಾಗ ಆ ಬಂಡಿಯಲ್ಲಿ ಯಾರು ಯಾವ ಮನೆಯವರು ಅಂತ ನೋಡಿದವರಿಲ್ಲ.

ಸೆಕ್ಯುಲರ್ ಎಂಬ ಮಾತು ನಮ್ಮೂರಲ್ಲಿ ಯಾರ ಬಾಯಲ್ಲೂ ಇರಲಿಲ್ಲ. ನಾನು ಮುಸ್ಲಿಂ ಎಂಬುದು ಊರಿಗೆಲ್ಲ ಗೊತ್ತಿತ್ತು. ಗೊತ್ತಿದ್ದರಿಂದಲೇ ಅದನ್ನು ನಾನೊಬ್ಬನೇ ಹೊರಬೇಕಿರಲಿಲ್ಲ. ನನ್ನ ರೋಜಾಕ್ಕೆ ಆಯಿ ಒಂದು ಕೈ ಕೊಟ್ಟಿದ್ದರು, ಪಿಟಿ ಮಾಸ್ತರು ಒಂದು ಕೈ ಕೊಟ್ಟಿದ್ದರು. ಇಲ್ಲಿ ನನ್ನ ಮಗಳು ಎರಡು ಗೆರೆಗಳ ನಡುವೆ ಒಬ್ಬಳೇ ಹೊರುತ್ತಾಳೆ. ಆ ಭಾರ ಅವಳ ಹಕ್ಕು ಎಂದು ಕಾನೂನು ಹೇಳುತ್ತದೆ. ಹಕ್ಕು ದೊಡ್ಡದು, ಒಪ್ಪುತ್ತೇನೆ. ಆದರೆ ಹಕ್ಕು ಬಂದು ಬಟ್ಟಲು ಮುಚ್ಚಿಕೊಂಡು ಒಳಗೆ ಹೋಗುವುದಿಲ್ಲ.

ಈ ಊರಲ್ಲೇ ಆದ ಒಂದು ಸಂಗತಿ ನನ್ನನ್ನು ಬಹಳ ಕಾಡಿದೆ. 2007ರ ನವೆಂಬರ್. ವೆಡ್ಡಿಂಗ್ ಬಡಾವಣೆಯ ಒಂದು ಶಾಲೆ. ಹದಿನಾಲ್ಕು ವರ್ಷದ ಒಬ್ಬ ಹುಡುಗ ಪಾಠದ ಬಿಡುವಿನಲ್ಲಿ ಗೆಳೆಯರ ಜೊತೆ ಕಾರಿಡಾರಿನಲ್ಲಿ ನಮಾಜು ಮಾಡಿದ. ಹತ್ತು ನಿಮಿಷದ ಕೆಲಸ. ಶಾಲೆ ಬೇಡ ಅಂದಿತು. ಹುಡುಗ ಕೋರ್ಟಿಗೆ ಹೋದ. ಮೊದಲ ಕೋರ್ಟಿನಲ್ಲಿ ಗೆದ್ದ, ಎರಡನೆಯದರಲ್ಲಿ ಸೋತ. 2011ರ ನವೆಂಬರ್ 30ರಂದು ಲೈಪ್‌ಜಿಗ್‌ನ ಮೇಲಿನ ಕೋರ್ಟು ತೀರ್ಪು ಕೊಟ್ಟಿತು. ಪಾಠವಿಲ್ಲದ ಹೊತ್ತಿನಲ್ಲಿ ಶಾಲೆಯಲ್ಲಿ ನಮಾಜು ಮಾಡುವ ಹಕ್ಕು ವಿದ್ಯಾರ್ಥಿಗೆ ಇದೆ, ಆದರೆ ಈ ಶಾಲೆಯಲ್ಲಿ ಮೊದಲೇ ಧರ್ಮದ ಜಗಳಗಳಿವೆ, ಶಾಲೆಯ ಶಾಂತಿಗಾಗಿ ಇಲ್ಲಿ ಬೇಡ ಎಂದಿತು. ನಾಲ್ಕು ವರ್ಷ. ಹುಡುಗನಿಗೆ ಹದಿನೆಂಟಾಗಿತ್ತು. ನಮ್ಮ ಹೆಡ್‌ಮಾಸ್ತರು “ನಡೀರಿ” ಎಂಬ ಒಂದೇ ಮಾತಿನಲ್ಲಿ ಮುಗಿಸಿದ್ದಕ್ಕೆ ಇಲ್ಲಿ ಮೂರು ಕೋರ್ಟು ಬೇಕಾದವು.

ಜರ್ಮನಿಯಲ್ಲಿ ಸುಮಾರು 55 ಲಕ್ಷ ಮುಸ್ಲಿಮರಿದ್ದಾರೆ. 1961ರಲ್ಲಿ ಟರ್ಕಿಯ ಜೊತೆ ಕೂಲಿಯಾಳುಗಳ ಒಪ್ಪಂದ ಆದಾಗಿನಿಂದ ಬಂದು ನೆಲೆಸಿದವರು, ಅವರ ಮಕ್ಕಳು, ಮೊಮ್ಮಕ್ಕಳು. ಹಬ್ಬದ ನಮಾಜಿಗೆ ನಾವು ಕೊಲಂಬಿಯಾಡಾಮ್‌ನ ಶೆಹಿತ್ಲಿಕ್ ಮಸೀದಿಗೆ ಹೋಗುತ್ತೇವೆ. ಬಹಳ ಚೆಂದದ ಮಸೀದಿ. ಜನ ತುಂಬಿರುತ್ತಾರೆ. ಎಲ್ಲರೂ ಟರ್ಕಿಶ್ ಮಾತಾಡುತ್ತಾರೆ. ಮಗಳ ಪಾಲಿಗೆ ಅಲ್ಲೂ ಅವಳು ಹೊರಗಿನವಳೇ. ಇಲ್ಲಿಯವರು ರಂಜಾನ್ ಹಬ್ಬವನ್ನು ಸಕ್ಕರೆ ಹಬ್ಬ ಎನ್ನುತ್ತಾರೆ. ನಮ್ಮ ಮನೆಗೆ ಬಂದು ಸುರಕುಂಬಾ ಕುಡಿದು ಹೋಗುವವರು ಇಡೀ ಕಟ್ಟಡದಲ್ಲಿ ಒಂದು ಮನೆಯವರು. ಅವರೇ ಮಗಳ ಗೆಳತಿಯ ಮನೆಯವರು.

ಆ ಗೆಳತಿಯ ಅಮ್ಮ ಮೇ ತಿಂಗಳಲ್ಲಿ ನಮ್ಮನ್ನು ಯುಗೆಂಡ್‌ವೈಹೆಗೆ ಕರೆದರು. ಅದರ ಬಗ್ಗೆ ಕೇಳಿದ್ದೆ, ನೋಡಿರಲಿಲ್ಲ. ಹದಿನಾಲ್ಕು ವರ್ಷಕ್ಕೆ ಮಕ್ಕಳನ್ನು ದೊಡ್ಡವರ ಸಾಲಿಗೆ ಸೇರಿಸಿಕೊಳ್ಳುವ ಸಮಾರಂಭ. ದೇವರಿಲ್ಲ, ಪಾದ್ರಿ ಇಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಚರ್ಚ್ ಬಿಟ್ಟವರು ತಮ್ಮ ಮಕ್ಕಳಿಗಾಗಿ ಶುರು ಮಾಡಿದ್ದು. ಆಮೇಲೆ 1954ರಿಂದ ಪೂರ್ವ ಜರ್ಮನಿಯ ಸರಕಾರ ಅದನ್ನು ತನ್ನದಾಗಿ ಮಾಡಿಕೊಂಡು ಎಲ್ಲ ಮಕ್ಕಳ ಮೇಲೆ ಹೇರಿತು. ಸರಕಾರ ಹೋಯಿತು, ದೇಶವೇ ಹೋಯಿತು, ಈ ಆಚರಣೆ ಉಳಿಯಿತು.

ದೊಡ್ಡ ಸಭಾಂಗಣ. ಅವಳ ಕ್ಲಾಸಿನ ಹೆಚ್ಚಿನ ಮಕ್ಕಳು ಅಲ್ಲಿದ್ದರು. ಹುಡುಗರು ಕೋಟು ಹಾಕಿದ್ದರು, ಹುಡುಗಿಯರು ಹೊಸ ಉಡುಪು. ಒಬ್ಬೊಬ್ಬರ ಹೆಸರು ಕರೆದು ವೇದಿಕೆಗೆ ಕರೆಸಿದರು. ಹೂವು ಕೊಟ್ಟರು, ಒಂದು ಪುಸ್ತಕ ಕೊಟ್ಟರು. ಕೆಳಗೆ ಅಜ್ಜಿಯರು ಅಳುತ್ತಿದ್ದರು. ಗೆಳತಿಯ ಅಜ್ಜಿ ನನ್ನ ಪಕ್ಕದಲ್ಲೇ ಕೂತಿದ್ದರು. ತಮ್ಮದು 1961ರಲ್ಲಿ ಆಗಿತ್ತು, ಗೋಡೆ ಕಟ್ಟಿದ ವರ್ಷ, ಎಂದು ನನ್ನ ಕೈ ಹಿಡಿದು ಹೇಳಿದರು. ಆಮೇಲೆ ಮನೆಯಲ್ಲಿ ಊಟ. ದೂರದಿಂದ ಬಂದ ಮಾವಂದಿರು, ಚಿಕ್ಕಮ್ಮಂದಿರು, ಲಕೋಟೆಯಲ್ಲಿ ದುಡ್ಡು. ನಮ್ಮ ಕಡೆ ಮಗುವಿನ ಬಿಸ್ಮಿಲ್ಲಾ ಓದಿಸಿದಾಗ ಎಷ್ಟು ಜನ ಸೇರುತ್ತಾರೋ ಅಷ್ಟೂ ಜನ.

ಆ ಸಂಭ್ರಮ ನೋಡಿ ನನ್ನ ಕಣ್ಣಲ್ಲೂ ನೀರು ಬಂತು. ಮನೆಗೆ ಬರುವ ಟ್ರಾಮಿನಲ್ಲಿ ಮಾತ್ರ ಸಿಟ್ಟು ಬಂತು. ನಂಬಿಕೆ ನಿನ್ನ ಖಾಸಗಿ ವಿಷಯ, ಒಬ್ಬಳೇ ಯೋಚಿಸು, ಒಬ್ಬಳೇ ತೀರ್ಮಾನ ಮಾಡು ಎಂದು ನನ್ನ ಮಗಳಿಗೆ ಹೇಳುವ ಈ ಸಮಾಜ ತನ್ನ ಮಕ್ಕಳನ್ನು ಹದಿನಾಲ್ಕಕ್ಕೆ ಒಂಟಿಯಾಗಿ ಬಿಟ್ಟಿಲ್ಲ ಅಲ್ವಾ? ದೇವರನ್ನು ಬಿಟ್ಟರೂ ಹೂವು ಬಿಟ್ಟಿಲ್ಲ, ಅಜ್ಜಿಯನ್ನು ಬಿಟ್ಟಿಲ್ಲ, ಹೆಸರು ಕರೆಯುವುದನ್ನು ಬಿಟ್ಟಿಲ್ಲ. ಆ ವಯಸ್ಸಿನ ಮಗುವಿಗೆ ಸುತ್ತ ನಾಲ್ಕು ಜನ ಬೇಕು ಎಂದು ಇವರಿಗೆ ಚೆನ್ನಾಗಿ ಗೊತ್ತು. ನನ್ನ ಮಗಳು ಟ್ರಾಮಿನ ಕಿಟಕಿಗೆ ತಲೆ ಒರಗಿಸಿ ಕೇಳಿದಳು. “ನನಗ ಹಿಂಗ ಯಾರು ಮಾಡ್ತಾರಪ್ಪಾ?” ನಾನು ಊರಿಗೆ ಹೋಗಬೇಕು ಅಂತ ಆ ಕ್ಷಣಕ್ಕೆ ಅನಿಸಿದಷ್ಟು ಈ ಹನ್ನೊಂದು ವರ್ಷದಲ್ಲಿ ಯಾವತ್ತೂ ಅನಿಸಿರಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ನನಗೆ ಸುಲಭವಾಗಿತ್ತು. ಆದರೆ ಬರೆಯಲು ಕೂತ ಮೇಲೆ ಪೂರ್ತಿ ಬರೆಯಬೇಕು.

ಊರಲ್ಲಿ ಯಾರೂ ಪ್ರಶ್ನೆ ಕೇಳುತ್ತಿರಲಿಲ್ಲ ಎಂದೆ. ಒಂದು ಸಲ ಕೇಳಿದ್ದರು. ಅದೇ 1992, ಬಾಬರಿ ಮಸೀದಿ ಕೆಡವಿದ ಡಿಸೆಂಬರ್ 6 ಕಳೆದು ಹತ್ತು ದಿನವೂ ಆಗಿರಲಿಲ್ಲ. ಅಪ್ಪ ಅರಳೆ ತರಲು ಹುಬ್ಬಳ್ಳಿಗೆ ಹೋಗುವುದನ್ನು ನಿಲ್ಲಿಸಿದ್ದರು. ನನ್ನ ಬೆಂಚಿನ ಗೆಳೆಯ, ಮೂರನೇ ಇಯತ್ತೆಯಿಂದ ಜೊತೆಗಿದ್ದವನು, ಪಾಠದ ನಡುವೆ ಮೆಲ್ಲಗೆ ಕೇಳಿದ. “ನೀವು ಎಲ್ಲಿಂದ ಬಂದೀರಿ?” ಅವನಿಗೆ ಯಾರೋ ಹೇಳಿಕೊಟ್ಟಿದ್ದರು. ಅವನ ಅಕ್ಕನ ಮದುವೆಯ ಗಾದಿ ನಮ್ಮಪ್ಪನೇ ಹೊಲಿದದ್ದು. ನಾನು ಉತ್ತರ ಕೊಡಲಿಲ್ಲ. ಎಲ್ಲಿಂದ ಅಂತ ಹೇಳಲಿ? ಎರಡು ಓಣಿಯ ಆಚೆಯಿಂದ. ನೀರು ಕೂಡ ಇಲ್ವಾ ಎಂಬ ಪ್ರಶ್ನೆಗೆ ಕನಿಷ್ಠ ಉತ್ತರವಾದರೂ ಇದೆ.

2022ರಲ್ಲಿ ನನ್ನ ತಂಗಿಯ ಮಗಳು ದ್ವಿತೀಯ ಪಿಯುಸಿಯಲ್ಲಿದ್ದಳು. ಕಾಲೇಜಿನಲ್ಲಿ ಹಿಜಾಬ್ ಹಾಕುವ ವಿಚಾರದಲ್ಲಿ ಫೆಬ್ರವರಿ 5ರ ಸರಕಾರಿ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಬೇರೆ ಬೇರೆ ಮಾತು ಹೇಳಿದ್ದು, ಇದೆಲ್ಲ ನಿಮಗೆ ಗೊತ್ತೇ ಇದೆ. ಅವಳು ಗೇಟಿನ ಹೊರಗೆ ನಿಂತಿದ್ದಳು. ಒಳಗಿದ್ದವರಲ್ಲಿ ಅವಳಿಗೆ ಗಣಿತ ಹೇಳಿಕೊಟ್ಟವರು ಇದ್ದರು, ಅವಳ ಜೊತೆ ಬುತ್ತಿ ಹಂಚಿಕೊಂಡವರು ಇದ್ದರು. ರಾತ್ರಿ ಫೋನ್ ಮಾಡಿ ಒಂದೇ ಮಾತು ಕೇಳಿದಳು. “ಮಾಮಾ, ಅಲ್ಲಿ ಹೆಂಗ?” ನಾನು ಹೇಳಬೇಕಾಯಿತು. ಬರ್ಲಿನ್‌ನ 2005ರ ಕಾನೂನು ಸ್ಕಾರ್ಫ್ ಹಾಕಿದ ಶಿಕ್ಷಕಿಯರನ್ನು ತಡೆಯಿತು, ಮಕ್ಕಳನ್ನು ತಡೆಯಲಿಲ್ಲ. ನನ್ನ ಮಗಳ ಕ್ಲಾಸಿನ ಸಿರಿಯಾದ ಹುಡುಗಿ ಸ್ಕಾರ್ಫ್ ಹಾಕಿಕೊಂಡೇ ಎರಡನೇ ಬೆಂಚಿನಲ್ಲಿ ಕೂರುತ್ತಾಳೆ. ಹಬ್ಬದ ದಿನ ಮುಸ್ಲಿಂ ಮಕ್ಕಳಿಗೆ ಶಾಲೆ ರಜೆ ಕೊಡುತ್ತದೆ. ವೆಡ್ಡಿಂಗ್‌ನ ಆ ಹುಡುಗ ಸೋತ, ನಿಜ. ಆದರೂ ನಿನಗೆ ಹಕ್ಕಿದೆ ಎಂಬ ಮಾತನ್ನು ಆ ಕೋರ್ಟು ಕಾಗದದ ಮೇಲೆ ಬರೆದು ಕೊಟ್ಟಿದೆ. ನಮ್ಮ ಹೆಡ್‌ಮಾಸ್ತರ “ನಡೀರಿ” ಕಾಗದದ ಮೇಲೆ ಎಲ್ಲೂ ಇರಲಿಲ್ಲ. ಅವರು ನಿವೃತ್ತರಾದರು, ಆ ಮಾತೂ ಅವರ ಜೊತೆ ಹೋಯಿತು.

ಇನ್ನೂ ಒಂದಿದೆ. ಹೇಳಲು ಕಷ್ಟವಾದದ್ದು.

ಮಗಳು ಕಾನೂನಿನ ಮಾತು ಹೇಳಿದ ವಾರವೇ ಒಂದು ದಿನ ಶಾಲೆಯಿಂದ ಬಂದು ಬೂಟು ಬಿಚ್ಚುತ್ತಾ ಹೇಳಿದಳು. “ಅಪ್ಪಾ, ಇವತ್ತು ನಾ ನೀರು ಕುಡಿದೆ.” ಆಟದ ಪಿರಿಯಡ್‌ನಲ್ಲಿ ಓಡಿಸಿದ್ದರಂತೆ. ಗಂಟಲು ಒಣಗಿತ್ತಂತೆ. ಕುಡಿದೆ ಅಂದಳು. ತಲೆ ತಗ್ಗಿಸಲಿಲ್ಲ, ಅಳಲಿಲ್ಲ. ನನ್ನ ಹೆಂಡತಿ ಅಡುಗೆಮನೆಯಿಂದಲೇ “ಕಜಾ ಮಾಡಿದ್ರ ಆತು, ಕೈಕಾಲು ತೊಳಕೋ” ಅಂದಳು. ಕಜಾ ಅಂದರೆ ತಪ್ಪಿದ ರೋಜಾವನ್ನು ಆಮೇಲೆ ಬೇರೆ ದಿನ ಹಿಡಿದು ತೀರಿಸುವುದು. ಅಲ್ಲಿಗೆ ಮುಗಿಯಿತು. ನನಗೆ ಮುಗಿಯಲಿಲ್ಲ. ಎದ್ದು ಬಾಲ್ಕನಿಗೆ ಹೋದೆ.

1992ರ ಮಾರ್ಚ್. ಶಾಲೆಯ ಹಿಂದೆ ಒಂದು ಬೋರಿಂಗ್ ಇತ್ತು. ಎಲ್ಲರೂ ಮೈದಾನದಲ್ಲಿದ್ದ ಹೊತ್ತು ನೋಡಿ ನಾನು ಗಿಡದ ಕೆಳಗಿಂದ ಎದ್ದು ಹೋದೆ. ಒಬ್ಬನೇ ಬೋರಿಂಗ್ ಹೊಡೆದು ನೀರು ಕುಡಿಯುವುದು ಸುಲಭವಲ್ಲ. ಹಿಡಿಕೆ ಜಗ್ಗಿ ಓಡಿ ಹೋಗಿ ಬೊಗಸೆ ಒಡ್ಡಬೇಕು, ಅಷ್ಟರಲ್ಲಿ ಧಾರೆ ಸಣ್ಣದಾಗಿರುತ್ತದೆ. ಆ ಹಿಡಿಕೆಯ ಕಿರಗುಟ್ಟುವ ಸದ್ದು ಊರಿಗೆಲ್ಲ ಕೇಳುತ್ತಿದೆ ಅನಿಸಿತ್ತು. ನಾಲ್ಕು ಬೊಗಸೆ ಕುಡಿದೆ. ಬಾಯಿ ಒರೆಸಿಕೊಂಡು ಮತ್ತೆ ಗಿಡದ ಕೆಳಗೆ ಬಂದು ಕೂತೆ. ಸಂಜೆ ಆಯಿ ಶೇಂಗಾ ಉಂಡಿ ತಂದರು. “ಪಾಪ, ಇಂಥಾ ಬಿಸಲಾಗ ಹನಿ ನೀರಿಲ್ಲದ ಇದ್ದಾನ ನೋಡ ಕೂಸು” ಅಂದರು. ಅವ್ವ ಹೆಮ್ಮೆಯಿಂದ ನನ್ನ ತಲೆ ಸವರಿದಳು. ನಾನು ಆ ಉಂಡಿ ತಿಂದೆ. ಹಬ್ಬದ ದಿನ, ಇಡೀ ತಿಂಗಳು ಒಂದೂ ಬಿಡಲಿಲ್ಲ ಅಂತ ಓಣಿಯಲ್ಲಿ ಎಲ್ಲರೂ ನನ್ನನ್ನು ಹೊಗಳಿದರು.

ಕಜಾ ಕೂಡ ಮಾಡಲಿಲ್ಲ ನಾನು. ರಂಜಾನ್ ಮುಗಿದ ಮೇಲೆ ರೋಜಾ ಹಿಡಿದರೆ ಯಾಕೆ ಅಂತ ಕೇಳುತ್ತಿದ್ದರು. ಇಷ್ಟು ವರ್ಷ ನಾನು ನೆನೆಸಿಕೊಂಡು ಸುಖಪಟ್ಟದ್ದು ಆಯಿಯ ಮುಚ್ಚಿದ ಬಟ್ಟಲನ್ನು. ಆ ಬೋರಿಂಗನ್ನು ನೆನೆಸಿಕೊಂಡಿರಲಿಲ್ಲ. ಎರಡೂ ಒಂದೇ ತಿಂಗಳಲ್ಲಿ ಆಗಿದ್ದು. ಊರೆಲ್ಲ ಸೇರಿ ನನ್ನ ರೋಜಾ ಹೊತ್ತಿತ್ತು. ಅದಕ್ಕೇ ಅದನ್ನು ನಾನು ಒಂದು ಗಳಿಗೆ ಕೆಳಗಿಡುವ ಹಾಗಿರಲಿಲ್ಲ. ನನ್ನ ಮಗಳಿಗೆ ಗಿಡದ ನೆರಳು ಕೊಡುವ ಮಾಸ್ತರಿಲ್ಲ. ಆದರೆ ನೀರು ಕುಡಿದೆ ಎಂದು ಬಾಗಿಲಲ್ಲೇ ಹೇಳುವ ಧೈರ್ಯ ಅವಳಿಗೆ ಈ ಊರು ಕೊಟ್ಟಿದೆ. ಅದನ್ನು ನನ್ನ ಊರು ನನಗೆ ಕೊಟ್ಟಿರಲಿಲ್ಲ. ಇದನ್ನು ಬರೆಯಲು ನನಗೆ ಮನಸ್ಸಿಲ್ಲ. ಆದರೂ ನಿಜ.

ಯುಗೆಂಡ್‌ವೈಹೆ ಆದ ಮೇಲೆ, ಮೇ ಕೊನೆಯ ಒಂದು ಶನಿವಾರ, ಮಗಳು ತನ್ನ ಕಜಾ ಹಿಡಿದಳು. ನಾವು ಹೇಳಿರಲಿಲ್ಲ. ಹಿಂದಿನ ರಾತ್ರಿ ತಾನೇ ಅಲಾರಂ ಇಟ್ಟಳು. ಹದಿನಾಲ್ಕು ತುಂಬಿ ಆರು ವಾರ ಆಗಿತ್ತು. ಅವತ್ತು ನಾನೂ ರೋಜಾ ಇದ್ದೆ. ನಿನ್ನದು ಯಾವುದರದ್ದು ಅಂತ ಅವಳು ಕೇಳಿದಳು. ಬೋರಿಂಗಿನ ಕತೆ ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಪೂರ್ತಿ ಕೇಳಿಸಿಕೊಂಡು, “ಅಜ್ಜಿಗೆ ಹೇಳಿಯೇನು?” ಅಂದಳು. ಇಲ್ಲ ಅಂದೆ. “ಯಾಕ?” ಅಂದಳು.

ಮೇ ಕೊನೆಗೆ ಇಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತು ದಾಟಿದ ಮೇಲೆ. ಸಂಜೆ ಐದೂವರೆಗೆ ಅವ್ವನ ಫೋನ್ ಬಂತು. ಊರಲ್ಲಿ ಆಗ ರಾತ್ರಿ ಒಂಬತ್ತು. ಮಳೆ ಬಂತು, ಬಿತ್ತಿಗೆ ಸುರುವಾಗೈತಿ, ಎದುರು ಮನೆಯವರು ಹೊಸ ತಗಡು ಹಾಕಿಸ್ಯಾರ ಅಂತೆಲ್ಲ ಹೇಳಿದಳು. ಆಮೇಲೆ ಯಾವಾಗಿನಂತೆ ಕೇಳಿದಳು.

“ಊಟ ಆತೇನಪಾ?”

“ಇನ್ನೂ ಇಲ್ಲವ್ವಾ,” ಅಂದೆ.

ಯಾಕೆ ಅಂತ ಅವಳು ಕೇಳಲಿಲ್ಲ.